ಗ್ಯಾರೇಜ್ ಪತ್ರ: ಅಪ್ಪನ ಫಿಯೆಟ್‌ಗೆ ಬೇರೆ ಎಂಜಿನ್ ಹಾಕಿಸಬೇಕಾ?

ಹಳೇ ಗಾಡಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಶಿವಮೊಗ್ಗದಲ್ಲಿ ಎಂಜಿನ್ ಬೋರಿಂಗ್ ವರ್ಕ್‌ಶಾಪ್ ನಡೆಸುವ ನಮ್ಮ ಅಂಕಣಕಾರರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಪ್ಪ 1971ರಲ್ಲಿ ಹೊಸದಾಗಿ ತಗೊಂಡ ಫಿಯೆಟ್ 1100 ಮನೆಯಲ್ಲಿದೆ. ಈಗಲೂ ಅದೇ ಹಳೇ ಮೈಸೂರು ರಾಜ್ಯದ ಎಂವೈ ನಂಬರು. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಅಡಿಕೆ ಶೆಡ್‌ನಲ್ಲಿ ನಿಂತಿತ್ತು. ಈಗ ಬ್ಯಾಟರಿ ಹಾಕಿಸಿ ಸ್ಟಾರ್ಟ್ ಮಾಡಿಸಿದ್ದೇವೆ. ಹೊಗೆ ಜಾಸ್ತಿ, ಆಯಿಲ್ ತಿನ್ನುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಇಲ್ಲಿನ ಒಬ್ಬ ಮೆಕ್ಯಾನಿಕ್ 'ಈ ಎಂಜಿನ್ ಮುಗೀತು, ಓಮ್ನಿ ಎಂಜಿನ್ ಕೂರಿಸಿ ಕೊಡ್ತೀನಿ' ಎನ್ನುತ್ತಾರೆ. ಇನ್ನೊಬ್ಬರು 118 ಎನ್‌ಇ ಕಾರಿನ ನಿಸ್ಸಾನ್ ಎಂಜಿನ್ ಹಾಕಿಸಿ ಅಂತಾರೆ. ಬೆಂಗಳೂರಿನಲ್ಲಿರುವ ತಮ್ಮ, ಪಾರ್ಟ್ಸ್ ಸಿಗಲ್ಲ, ರೀಬೋರ್ (ಸವೆದ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸುವುದು) ಮಾಡಿಸುವುದು ದಂಡ ಅಂತಾನೆ. ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಲು, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಬರಲು ಗಾಡಿ ಓಡಿದರೆ ಸಾಕು. ಏನು ಮಾಡಲಿ?
— ವಿ. ಎಸ್., ತೀರ್ಥಹಳ್ಳಿ

ಉತ್ತರ: ಮೇಡಂ, ಮೂರು ಜನ ಮೂರು ಸಲಹೆ ಕೊಟ್ಟಿದ್ದಾರೆ, ಅಳತೆ ಮಾತ್ರ ಒಬ್ಬರೂ ತೆಗೆದಿಲ್ಲ. ಬಾನೆಟ್ ಎತ್ತಿ ಹೊಗೆ ನೋಡಿದಷ್ಟಕ್ಕೇ ಎಂಜಿನ್ ಹೋಗಿದೆ ಅಂದರೆ ನಂಬಬೇಡಿ. ಗಾಡಿಯನ್ನು ಬೇರೆ ಎಂಜಿನ್‌ಗೆ ಒಪ್ಪಿಸುವ ಮೊದಲು ನಿಮ್ಮ ಬ್ಲಾಕ್ (ಸಿಲಿಂಡರ್ ಇರುವ ಎಂಜಿನ್ ಮೈ) ಮತ್ತು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಎಷ್ಟು ಸವೆದಿವೆ ಅನ್ನುವುದು ಗೊತ್ತಾಗಬೇಕು. ಅವೆರಡೂ ಉಳಿದಿದ್ದರೆ ಎಂಜಿನ್ ಉಳಿದಂತೆಯೇ. ಬಾಕಿಯೆಲ್ಲ ಬದಲಾಯಿಸುವ ಸಾಮಾನು.

ನಿಂತ ಗಾಡಿಯ ಮೊದಲ ಹೊಗೆಯನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮಲೆನಾಡಿನ ಎರಡು ಮಳೆಗಾಲ ಕಳೆದ ಎಂಜಿನ್‌ನಲ್ಲಿ ಪಿಸ್ಟನ್ ರಿಂಗುಗಳು ಗ್ರೂವ್‌ನಲ್ಲೇ ಹಿಡಿದುಕೊಂಡಿರಬಹುದು. ಬೋರ್ ಗೋಡೆಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಒಳಮೈಗೆ, ತೆಳ್ಳಗೆ ತುಕ್ಕೂ ಕೂತಿರಬಹುದು. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಎರಡು ಚಮಚ ಎಂಜಿನ್ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಪ್ಲಗ್ ಹಾಕದೆ ಹ್ಯಾಂಡಲ್‌ನಿಂದ ಕೈಯಲ್ಲೇ ತಿರುಗಿಸಿ. ಆಮೇಲೆ ಹೊಸ ಆಯಿಲ್ ತುಂಬಿಸಿ, ಊರೊಳಗೇ ಕೆಲವು ದಿನ ಮೆಲ್ಲಗೆ ಓಡಿಸಿ. ಅಂಟಿದ ರಿಂಗು ಎಷ್ಟೋ ಸಲ ಇಷ್ಟರಲ್ಲೇ ಬಿಡುತ್ತದೆ. ಇದೆಲ್ಲಕ್ಕೂ ಮೊದಲು ಬ್ರೇಕ್ ನೋಡಿಸಿ. ನಿಮ್ಮ ಗಾಡಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಎರಡು ವರ್ಷ ನಿಂತರೆ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಜಾಮ್ ಆಗುತ್ತದೆ.

ಇನ್ನು ಹೊಗೆ ಯಾವಾಗ ಬರುತ್ತದೆ ನೋಡಿ. ನಿಮ್ಮ ಹತ್ತಿರವೇ ಆಗುಂಬೆ ಘಾಟಿ ಇದೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ಬ್ರೇಕ್ ಸರಿಯಾದ ಮೇಲೆ ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಇಳಿಯಿರಿ. ಸೋಮೇಶ್ವರದ ಹತ್ತಿರ ರಸ್ತೆ ಸಮ ಆದಾಗ ಆಕ್ಸಿಲರೇಟರ್ ಒತ್ತಿ. ಆಗ ಹಿಂದೆ ಒಮ್ಮೆಲೇ ನೀಲಿ ಹೊಗೆ ಬಂದು ನಿಂತುಹೋದರೆ ತೊಂದರೆ ವಾಲ್ವ್ ಗೈಡ್‌ನಲ್ಲಿ, ಅಂದರೆ ವಾಲ್ವ್ ಕಡ್ಡಿ ಜಾರುವ ಕೊಳವೆಯಲ್ಲಿ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಒಳಗೆ ಎಳೆತ ಜಾಸ್ತಿ ಇರುತ್ತದೆ, ಸವೆದ ಗೈಡ್‌ನ ಸಂದಿಯಿಂದ ಆಯಿಲ್ ಕೆಳಗಿಳಿಯುತ್ತದೆ. ಗೈಡ್ ಕೆಲಸ ಹೆಡ್ (ಬ್ಲಾಕ್ ಮೇಲೆ ಕೂರುವ, ವಾಲ್ವ್ ಇರುವ ಭಾಗ) ಇಳಿಸಿದರೆ ಮುಗಿಯಿತು, ಎಂಜಿನ್ ಇಳಿಸಬೇಕಿಲ್ಲ. ವಾಪಸ್ ಹತ್ತುವಾಗ ತಿರುವು ತಿರುವಿಗೂ ಬಿಡದೆ ಹೊಗೆ ಬಂದರೆ, ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಗಾಳಿ ಬಂದರೆ, ರಿಂಗ್ ಅಥವಾ ಬೋರ್ ಸವೆದಿದೆ.

ಮೂರನೆಯದು ಕಂಪ್ರೆಶನ್ ಗೇಜ್, ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರು. ಎಂಜಿನ್ ಬಿಸಿ ಇರುವಾಗ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಂದೊಂದಾಗಿ ನೋಡಬೇಕು. ನಾಲ್ಕೂ ಸರಿಸುಮಾರು ಸಮ ಇವೆಯಾ ಅನ್ನುವುದೇ ಮುಖ್ಯ. ಹೆಚ್ಚಿನದಕ್ಕೂ ಕಡಿಮೆಯದಕ್ಕೂ 10–15% ಒಳಗೆ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಒಂದು ಸಿಲಿಂಡರ್ ತೀರಾ ಕೆಳಗಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಮೇಲೇರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕೆಳಗಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಬ್ಲಾಕ್‌ಗೂ ನಡುವಿನ ತೆಳು ಹಾಳೆ) ಹೋಗಿರುವ ಸಾಧ್ಯತೆ ಜಾಸ್ತಿ. ಏರಿನಲ್ಲಿ ಎಳೆಯದ ಗಾಡಿಗೆ ಅದೊಂದೇ ಕಾರಣ ಆಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ನಿಮ್ಮ ಎಂಜಿನ್ ನನಗೆ ಚೆನ್ನಾಗಿ ಗೊತ್ತು. 1089 ಸಿಸಿ, ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಬೀಡಿನ (ಎರಕದ ಕಬ್ಬಿಣದ) ಬ್ಲಾಕ್, ಅಲ್ಯೂಮಿನಿಯಂ ಹೆಡ್, ಮೂರು ಮೇನ್ ಬೇರಿಂಗ್. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ 1964ರಿಂದ ಈ ಮಾದರಿ ಮಾಡಿತು. 1974ರಿಂದ ಅದೇ ಗಾಡಿಗೆ ಪದ್ಮಿನಿ ಅಂತ ಹೆಸರು ಬಂತು, 2000ದ ಸುಮಾರಿಗೆ ನಿಂತಿತು. ಮೂವತ್ತೈದು ವರ್ಷ ಇದೇ ಪೆಟ್ರೋಲ್ ಎಂಜಿನ್ ಮುಂದುವರಿದದ್ದರಿಂದಲೇ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಇನ್ನೂ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿಯಲ್ಲಿ ಇಲ್ಲದಿದ್ದರೆ ನಾಲ್ಕನೆಯದರಲ್ಲಿ ಇರುತ್ತದೆ. ನಿಮ್ಮ ತಮ್ಮ ಅಲ್ಲೇ ಇದ್ದಾರಲ್ಲ, ಒಂದು ಶನಿವಾರ ಅವರನ್ನೇ ಕಳಿಸಿ. ಫಿಯೆಟ್ 1100 ಅಂದಾಗ ತಲೆ ಅಲ್ಲಾಡಿಸಿದ ಅಂಗಡಿಯವನೂ ಪದ್ಮಿನಿ ಅಂದರೆ ತೆಗೆದು ಕೊಡುತ್ತಾನೆ.

ಹೆಡ್ ಇಳಿಸಿದ ದಿನ ನೀವೇ ಹೋಗಿ ಪಕ್ಕದಲ್ಲಿ ನಿಲ್ಲಿ. ಬೋರ್‌ನ ಮೇಲಂಚಿನಿಂದ ಸ್ವಲ್ಪ ಕೆಳಗೆ, ಒಳಗಡೆ ಉಗುರು ಹಾಕಿ ಮೇಲಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಇದೆಯಾ? ಮೇಲಿನ ರಿಂಗು ಬಂದು ತಿರುಗುವ ಜಾಗದಲ್ಲಿ ಬೋರ್ ಅತಿ ಹೆಚ್ಚು ಸವೆಯುತ್ತದೆ, ಅದರ ಮೇಲೆ ರಿಂಗು ಮುಟ್ಟುವುದೇ ಇಲ್ಲ. ಆ ಮೆಟ್ಟಿಲೇ ಸವೆತದ ಗುರುತು. ನಮ್ಮಂಥ ವರ್ಕ್‌ಶಾಪ್‌ನಲ್ಲಿ ಡಯಲ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ ಎರಡೆರಡು ದಿಕ್ಕಿನಲ್ಲಿ ಅಳತೆ ತೆಗೆಯುತ್ತೇವೆ. ಗೇಜ್ ಇಲ್ಲದ ಊರಲ್ಲೂ ದಾರಿ ಇದೆ. ಪಿಸ್ಟನ್ ಬಿಚ್ಚಿದ ಮೇಲೆ ಒಂದು ರಿಂಗನ್ನು ಬೋರ್‌ನ ತಳಕ್ಕೆ ನೇರವಾಗಿ ಇಳಿಸಿ, ಬಾಯಿಯ ಸಂದಿಯನ್ನು ತೆಳು ಪಟ್ಟಿಗಳ ಫೀಲರ್ ಗೇಜ್‌ನಿಂದ ಅಳೆಯಬೇಕು. ಅದೇ ರಿಂಗನ್ನು ಮೆಟ್ಟಿಲಿನ ಕೆಳಗೆ ಇಟ್ಟು ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವನ್ನು ಮೂರರಿಂದ ಭಾಗಿಸಿದರೆ ಬೋರ್ ಎಷ್ಟು ಅಗಲ ಆಗಿದೆ ಅಂತ ಹತ್ತಿರ ಹತ್ತಿರ ಸಿಗುತ್ತದೆ. ಅದು 0.15 ಮಿ.ಮೀ. ದಾಟಿದ್ದರೆ ನಾನು ಬರೀ ರಿಂಗ್ ಹಾಕಲು ಒಪ್ಪುವುದಿಲ್ಲ, ಬೋರ್ ಮಾಡಿಸಿ, ಅಂದರೆ ಕೊರೆಸಿ ಅಗಲ ಮಾಡಿಸಿ, ಅದಕ್ಕೆ ತಕ್ಕ ದೊಡ್ಡ (ಓವರ್‌ಸೈಜ್) ಪಿಸ್ಟನ್ ಹಾಕಬೇಕು. ಅದರೊಳಗಿದ್ದರೆ ಹೋನಿಂಗ್ ಮಾಡಿ (ಸಾಣೆ ಕಲ್ಲಿನಿಂದ ಒಳಮೈ ಉಜ್ಜಿ) ಹೊಸ ರಿಂಗ್ ಸಾಕು. ಹಿಂದೆ ಯಾರೋ ಕೊನೆಯ ಸೈಜ್‌ವರೆಗೂ ಬೋರ್ ಮಾಡಿ ಬಿಟ್ಟಿದ್ದರೂ ಗಾಬರಿ ಬೇಡ. ಒಳಗೆ ಸ್ಲೀವ್ (ಹೊಸ ಕೊಳವೆ) ಹೊಡೆಸಿ ಮತ್ತೆ ಸ್ಟ್ಯಾಂಡರ್ಡ್ 68ಕ್ಕೆ ತರಬಹುದು.

ಹೆಡ್ ವಿಷಯದಲ್ಲಿ ನನಗೆ ಸ್ವಲ್ಪ ಭಯ ಇದೆ. ನಮ್ಮ ಕಡೆ ರೇಡಿಯೇಟರ್‌ಗೆ ಬಾವಿ ನೀರು ಹಾಕಿ ಓಡಿಸಿದವರೇ ಜಾಸ್ತಿ. ನೀರಿನ ದಾರಿಯ ಸುತ್ತ ಅಲ್ಯೂಮಿನಿಯಂ ತಿಂದುಹೋಗಿ, ಗ್ಯಾಸ್ಕೆಟ್ ಕೂರುವ ಅಂಚೇ ಇರುವುದಿಲ್ಲ. ಸ್ವಲ್ಪ ಇದ್ದರೆ ವೆಲ್ಡಿಂಗ್ ತುಂಬಿ ಫೇಸಿಂಗ್ ಮಾಡುತ್ತಾರೆ, ಅಂದರೆ ಮೇಲ್ಮೈ ಸಮ ಮಾಡುತ್ತಾರೆ. ತೀರಾ ಹೋಗಿದ್ದರೆ ಪದ್ಮಿನಿಯ ಇನ್ನೊಂದು ಹೆಡ್ ಹುಡುಕಿ. ಹೆಡ್ ಬದಲಾದರೆ ಎಂಜಿನ್ ನಂಬರು ಬದಲಾಗುವುದಿಲ್ಲ.

ಎಂಜಿನ್ ಬದಲಿಸುವ ಮಾತಿಗೆ ಬರುತ್ತೇನೆ. ಓಮ್ನಿ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. ನಿಮ್ಮದು ನಾಲ್ಕು ಸಿಲಿಂಡರ್, ಸುಮಾರು 40 ಹಾರ್ಸ್ ಪವರ್. ಬಲದಲ್ಲಿ ಲಾಭ ಏನೂ ಇಲ್ಲ. ಓಮ್ನಿಯದು ಮುಂದಿನ ಸೀಟಿನಡಿ ಕೂರಿಸಲು ಮಾಡಿದ ಎಂಜಿನ್. ಫಿಯೆಟ್‌ನ ಮೂತಿಗೆ ಕೂರಿಸಬೇಕಾದರೆ ಮೌಂಟಿಂಗ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್, ಸೈಲೆನ್ಸರ್ ಪೈಪ್ ಎಲ್ಲ ಹೊಸದಾಗಿ ಹೊಂದಿಸಬೇಕು. ಹೀಗೆ ಮಾಡಿಸಿದ ಒಂದು ಪದ್ಮಿನಿ ನಮ್ಮ ವರ್ಕ್‌ಶಾಪಿಗೆ ಬಂದಿತ್ತು. ಸ್ಟೇರಿಂಗ್ ಪಕ್ಕದ ಗೇರ್ ಲಿವರ್ ಕಿತ್ತು, ನೆಲ ಕೊರೆದು ಅಲ್ಲಿ ಗೇರ್ ನಿಲ್ಲಿಸಿದ್ದರು. ಸ್ಪೀಡೋಮೀಟರ್ ಸತ್ತಿತ್ತು. ಮುಂದಿನ ಮೆಂಬರ್‌ಗೆ (ಎಂಜಿನ್ ಹೊರುವ ಅಡ್ಡಪಟ್ಟಿಗೆ) ವೆಲ್ಡ್ ಮಾಡಿದ ಮೌಂಟಿಂಗ್ ಬಿರುಕು ಬಿಟ್ಟು, ಅದರ ಮೇಲೆ ಇನ್ನೊಂದು ವೆಲ್ಡ್, ಅದೂ ಬಿರುಕು. ಪಾಪ, ಗಾಡಿಯ ಮಾಲೀಕರು ಹಳೇ ಎಂಜಿನ್ ವಾಪಸ್ ಹಾಕಿಸೋಣ ಅಂದರು. ಗ್ಯಾರೇಜಿನವರು ಅದನ್ನು ಯಾವತ್ತೋ ಗುಜರಿಗೆ ತೂಕಕ್ಕೆ ಹಾಕಿದ್ದರು. ಬ್ಲಾಕ್ ಚೆನ್ನಾಗಿತ್ತೋ ಇಲ್ಲವೋ ಯಾರೂ ನೋಡಿಯೇ ಇರಲಿಲ್ಲ. ಇದು ನನಗೆ ನಿಜವಾಗಲೂ ಸಂಕಟ ಆಗುವ ವಿಷಯ. ಹೊಸದಾಗಿ ಈ ಬ್ಲಾಕ್ ಇನ್ನು ಯಾರೂ ಎರಕ ಹೊಯ್ಯುವುದಿಲ್ಲ.

118 ಎನ್‌ಇ ಎಂಜಿನ್ ಹೇಳಿದವರು ಸುಮ್ನೆ ಹೇಳಿದ್ದಲ್ಲ. ಅದು 1171 ಸಿಸಿ ನಿಸ್ಸಾನ್ ಎ12, ಗಟ್ಟಿಮುಟ್ಟಾದ ಎಂಜಿನ್. ಫಿಯೆಟ್‌ಗೆ ಹಾಕಿ ಚೆನ್ನಾಗಿ ಓಡಿಸಿದವರಿದ್ದಾರೆ. ಆದರೆ ಆ ಕಾರು ಪದ್ಮಿನಿಯಷ್ಟು ಸಂಖ್ಯೆಯಲ್ಲಿ ಬರಲೇ ಇಲ್ಲ. ಇವತ್ತು ಎ12ರ ವಾಟರ್ ಪಂಪ್ ಹುಡುಕುವುದು ನಿಮ್ಮ ಎಂಜಿನ್‌ನ ಪಿಸ್ಟನ್ ಸೆಟ್ ಹುಡುಕುವುದಕ್ಕಿಂತ ಕಷ್ಟ. ಪಾರ್ಟ್ಸ್ ಸಿಗಲ್ಲ ಅನ್ನುವ ಕಾರಣಕ್ಕೆ ಬದಲಿಸಿ, ಪಾರ್ಟ್ಸ್ ಇನ್ನೂ ಕಡಿಮೆ ಸಿಗುವ ಎಂಜಿನ್ ಯಾಕೆ ಹಾಕಿಸುತ್ತೀರಿ?

ಕಾಗದ ಪತ್ರದ ಮಾತೂ ಇದೆ, ಇದನ್ನು ನಿಮಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ. ಆರ್‌ಸಿಯಲ್ಲಿ ಎಂಜಿನ್ ನಂಬರು ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಅನುಮತಿ ಪಡೆಯದೆ ಎಂಜಿನ್ ಬದಲಾಗಿದ್ದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ಕೊಡಬೇಕು. ಆದರೆ ಕೆಲಸಕ್ಕೆ ಮೊದಲೇ ಹೋಗಿ ಕೇಳುವುದು ಕ್ಷೇಮ. ಇನ್ನೊಂದು, 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ಮಾರ್ಪಾಡು ಆಗಿರಬಾರದು. ನಿಮ್ಮ 1971ರ ಗಾಡಿ ವಯಸ್ಸಿನಲ್ಲಿ ಪಾಸಾಗಿದೆ. ಹಾಗಂತ ಈಗಲೇ ಆ ನೋಂದಣಿ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ ಅಂಥದ್ದಕ್ಕೆ ಬಿಟ್ಟು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ, ಅಮ್ಮನ ದೇವಸ್ಥಾನ ತಪ್ಪುತ್ತದೆ. ಆದರೆ ಮುಂದೊಂದು ದಿನ ಮಕ್ಕಳು ಬಯಸಿದರೆ ಆ ಬಾಗಿಲು ತೆರೆದಿರಲಿ. ಓಮ್ನಿ ಎಂಜಿನ್ ಕೂರಿಸಿದ ದಿನ ಅದು ಮುಚ್ಚುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ: ಇರುವ ಎಂಜಿನ್ ಮಾಡಿಸಿ. ಬ್ಲಾಕ್ ಒಡೆದಿದ್ದರೆ ಅಥವಾ ಕ್ರ್ಯಾಂಕ್ ಗ್ರೈಂಡ್ ಮಾಡಲಾಗದಷ್ಟು ಸವೆದಿದ್ದರೆ ಮಾತ್ರ ಬೇರೆ ಎಂಜಿನ್. ಆಗಲೂ ಪದ್ಮಿನಿಯ 1089 ಸಿಸಿಯದ್ದೇ ತನ್ನಿ, ಬಿಲ್ಲು ಸಮೇತ. ಮುಂಬೈ ಟ್ಯಾಕ್ಸಿಯ ಎಂಜಿನ್ ಅಂತ ಕಡಿಮೆ ಬೆಲೆಗೆ ಬಂದರೆ ಬಿಚ್ಚಿ ನೋಡದೆ ಕೊಳ್ಳಬೇಡಿ. 2023ರ ಅಕ್ಟೋಬರ್ ಕೊನೆಗೆ ಅಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಅವು ಸಿಎನ್‌ಜಿಯಲ್ಲಿ ಹಗಲೂ ರಾತ್ರಿ ದುಡಿದ ಎಂಜಿನ್‌ಗಳು, ವಾಲ್ವ್ ಸೀಟು (ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಸವೆದೇ ಇರುತ್ತವೆ.

ಕೆಲಸ ಕೊಡುವಾಗ ಕೆಲವು ಮಾತು ಬಿಡಬೇಡಿ. ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಮಾಡಲು ಬಿಡಬೇಡಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಬೇಕು. ಸೈಜು ಸಿಗದೆ ಬೋರ್ ಆದ ಬ್ಲಾಕ್ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತದೆ. ಹೋನಿಂಗ್ ಆದ ಮೇಲೆ ಬ್ಲಾಕನ್ನು ಬಿಸಿನೀರು, ಸೋಪು, ಬ್ರಶ್ ಹಾಕಿ ತಿಕ್ಕಿ ತೊಳೆಯಬೇಕು. ಪೆಟ್ರೋಲಿನಲ್ಲಿ ಒರೆಸಿದರೆ ಕಲ್ಲಿನ ಪುಡಿ ಹೋಗುವುದಿಲ್ಲ. ಬಿಳಿ ಪಂಚೆ ತುಂಡಿಗೆ ಆಯಿಲ್ ಹಚ್ಚಿ ಬೋರ್ ಒಳಗೆ ಒರೆಸಿ ನೋಡಿ, ಬೂದಿ ಬಣ್ಣ ಬಂದರೆ ಮತ್ತೆ ತೊಳೆಸಿ. ಇಷ್ಟು ಮಾಡದ ಕಾರಣಕ್ಕೇ ಹೊಸ ರಿಂಗು ಕೆಲವೇ ತಿಂಗಳಲ್ಲಿ ಸವೆದು, ರೀಬೋರ್ ಮಾಡಿಸಿದ್ದು ದಂಡ ಅನ್ನುವ ಮಾತು ಹುಟ್ಟುವುದು. ಆಯಿಲ್ ಪಂಪ್, ಟೈಮಿಂಗ್ ಚೈನ್ ಇದೇ ಸಲ ನೋಡಿಸಿಬಿಡಿ. ಲೇತ್‌ನವರ ಕೂಲಿ, ಪಾರ್ಟ್ಸ್, ಮೆಕ್ಯಾನಿಕ್ ಕೂಲಿ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಹಳೇ ಪಾರ್ಟ್ಸ್ ವಾಪಸ್ ತಗೊಳ್ಳಿ.

ಗಾಡಿ ಬಂದ ಮೇಲೆ ಮೊದಲ 800 ಕಿಲೋಮೀಟರ್ 50ರ ಮೇಲೆ ಓಡಿಸಬೇಡಿ, ಟಾಪ್ ಗೇರಿನಲ್ಲಿ ಏರು ಎಳೆಸಬೇಡಿ. ಆಮೇಲೆ ಆಯಿಲ್ ಬದಲಿಸಿ, ಹೆಡ್ ಬೋಲ್ಟ್ ಮತ್ತೊಮ್ಮೆ ಟಾರ್ಕ್ (ಬಿಗಿತ) ನೋಡಿಸಿ, ಟ್ಯಾಪೆಟ್ (ವಾಲ್ವ್ ಮೇಲಿನ ಸಂದಿ) ಸೆಟ್ ಮಾಡಿಸಿ. ಆ ಲೆಕ್ಕಕ್ಕೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕೆಲವು ಸಲ ಹೋಗಿ ಬಂದರೆ ಸರಿಹೋಯಿತು. ಬಂದಾಗ ಗಾಡಿ ನನಗೂ ತೋರಿಸಿ.

ಪ್ರಶ್ನೆ: ನನ್ನ ಹತ್ತಿರ 1978ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಇದೆ. ಎಂಜಿನ್ ಹಿಂಭಾಗದಿಂದ ಆಯಿಲ್ ತೊಟ್ಟಿಕ್ಕುತ್ತದೆ. ಈಗಿನ ಎಥನಾಲ್ ಪೆಟ್ರೋಲಿಗೆ ಹಳೇ ಎಂಜಿನ್ ಬಾಳಲ್ಲ, 1800 ಸಿಸಿಯ ಇಸುಜು ಎಂಜಿನ್ ಹಾಕಿಸಿ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ನಿಜವೇ?
— ಕೆ. ಬಿ., ದಾವಣಗೆರೆ

ಉತ್ತರ: ನಿಮ್ಮದು 1489 ಸಿಸಿಯ, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್. ಅದರ ಕ್ರ್ಯಾಂಕ್ ಹಿಂಭಾಗಕ್ಕೆ ರಬ್ಬರ್ ಸೀಲ್ ಹುಟ್ಟಿನಿಂದಲೇ ಇಲ್ಲ. ಆಯಿಲನ್ನು ಒಳಕ್ಕೆ ತಿರುಗಿಸಿ ಕಳಿಸುವ ಮರೆ ಅಷ್ಟೇ ಇದೆ. ಎಂಜಿನ್ ಆಫ್ ಮಾಡಿದ ಮೇಲೆ ಒಂದೆರಡು ಹನಿ ಬಿದ್ದರೆ ಅದು ರೋಗವಲ್ಲ. ಸುರಿಯುತ್ತಿದ್ದರೆ ಮೊದಲು ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿದೆಯಾ ನೋಡಿ, ಆಮೇಲೆ ಕಂಪ್ರೆಶನ್ ನೋಡಿಸಿ. ರಿಂಗ್ ದಾಟಿ ಬಂದ ಗಾಳಿ ಒಳಗೆ ಒತ್ತಡ ಹಾಕಿದಾಗ ಆಯಿಲ್ ಅಲ್ಲಿಂದಲೇ ಹೊರಬರುತ್ತದೆ.

20% ಎಥನಾಲ್‌ಗೆ ಎಂಜಿನ್ ಬದಲಿಸುವ ಅಗತ್ಯ ಇಲ್ಲ. ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಮ್, ಕಾರ್ಬುರೇಟರ್ ಒಳಗಿನ ರಬ್ಬರ್ ಸಾಮಾನು ಉಬ್ಬಿ ಹಾಳಾಗುತ್ತವೆ. ಎಥನಾಲ್ ತಡೆಯುವಂಥವು ಹಾಕಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ, ಎಥನಾಲ್ ನೀರು ಹೀರುತ್ತದೆ. ನಿಮ್ಮ ಎಂಜಿನ್‌ಗೆ ಇದಕ್ಕಿಂತ ಹಳೇ ತೊಂದರೆ ಇನ್ನೊಂದಿದೆ. ಅದರ ಬೀಡಿನ ಹೆಡ್‌ನಲ್ಲಿ ವಾಲ್ವ್ ಸೀಟನ್ನು ಹೆಡ್‌ಗೇ ಕೊರೆದಿರುತ್ತಾರೆ. ಸೀಸ ಬೆರೆಸಿದ ಪೆಟ್ರೋಲ್ ಆ ಸೀಟನ್ನು ಕಾಯುತ್ತಿತ್ತು, 2000ದಲ್ಲಿ ಅದು ನಿಂತಿತು. ಹೈವೇಯಲ್ಲಿ ಜಾಸ್ತಿ ಓಡಿಸಿದರೆ ಎಕ್ಸಾಸ್ಟ್ ಸೀಟು ಸವೆಯುತ್ತದೆ. ಸೆಟ್ ಮಾಡಿದ ಟ್ಯಾಪೆಟ್ ಗ್ಯಾಪು ಪದೇ ಪದೇ ಕಡಿಮೆ ಆಗುತ್ತಿದ್ದರೆ ಅದೇ ಗುರುತು. ಮುಂದಿನ ಸಲ ಹೆಡ್ ಇಳಿಸಿದಾಗ ಗಟ್ಟಿ ಸೀಟು ಹಾಕಿಸಿಬಿಡಿ.

ಇಸುಜು ಒಳ್ಳೆಯ ಎಂಜಿನ್, ಅಂಬಾಸಿಡರ್ ಮಾಡುತ್ತಿದ್ದ ಕಂಪನಿಯೇ 1992ರ ಹೊತ್ತಿಗೆ ಆ ಕಾರಿಗೆ ಹಾಕಿತು. ನಿಮ್ಮ ಬ್ಲಾಕ್ ಪೂರ್ತಿ ಹೋಗಿದ್ದರೆ ಆಗ ಯೋಚಿಸಿ. ಹಾಕಿಸಿದರೆ ಅದರ ಐದು ಗೇರಿನ ಬಾಕ್ಸ್ ಜೊತೆಗೇ ಹಾಕಿಸಬೇಕು, ಬ್ರೇಕೂ ಅದಕ್ಕೆ ತಕ್ಕಂತೆ ಇರಬೇಕು, ಆರ್‌ಟಿಓ ಅನುಮತಿಯೂ ಬೇಕು. ತೊಟ್ಟಿಕ್ಕುವ ಆಯಿಲ್‌ಗೋಸ್ಕರ ಅಷ್ಟೆಲ್ಲ ಬೇಡ.

ಪ್ರಶ್ನೆ: 1984ರ ಅಂಬಾಸಿಡರ್ ಒಂದು ಮಾರಾಟಕ್ಕಿದೆ. ಬಾಡಿ ಚೆನ್ನಾಗಿದೆ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದೆ, ಒಳಗೆ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಇದೆ. ಓನರ್ 'ಏನೂ ತೊಂದರೆ ಇಲ್ಲ, ಎಲ್ಲರೂ ಹೀಗೇ ಓಡಿಸ್ತಾರೆ' ಅನ್ನುತ್ತಾರೆ. ತಗೊಳ್ಳಲಾ?
— ಎಂ. ಆರ್., ಕಲಬುರಗಿ

ಉತ್ತರ: ಈ ಸ್ಥಿತಿಯಲ್ಲಿ ತಗೊಳ್ಳಬೇಡಿ. ಒಂದು ಕಾಲದಲ್ಲಿ ಡೀಸೆಲ್ ಅಗ್ಗ ಅಂತ ಬಹಳ ಅಂಬಾಸಿಡರ್‌ಗಳಿಗೆ ಹೀಗೆ ಮಾಡಿದ್ದರು ನಿಜ. ಆದರೆ ಎಂಜಿನ್ ನಂಬರು, ಇಂಧನ ಎರಡೂ ಆರ್‌ಸಿಗೆ ಹೊಂದದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವಾಗ ತಡೆ ಬೀಳುತ್ತದೆ, ಅಪಘಾತ ಆದರೆ ಇನ್ಶೂರೆನ್ಸ್ ಕ್ಲೇಮ್ ತಕರಾರಾಗುತ್ತದೆ. ಆ ತಲೆನೋವು ಓನರ್ ಕೈಯಿಂದ ನಿಮ್ಮ ಕೈಗೆ ಬರುತ್ತದೆ, ಅಷ್ಟೇ. ಹಳೇ ಪೆಟ್ರೋಲ್ ಎಂಜಿನ್ ಅವರ ಹತ್ತಿರವೇ ಇದೆಯಾ ಕೇಳಿ. ಇದ್ದರೆ ಬ್ಲಾಕಿನ ನಂಬರನ್ನು ಆರ್‌ಸಿ ಜೊತೆ ಹೋಲಿಸಿ. ಹೊಂದಿದರೆ ಅದನ್ನೂ ಸೇರಿಸಿ ಬೆಲೆ ಮಾತಾಡಿ, ಮಾಡಿಸಿ ವಾಪಸ್ ಹಾಕಿಸಬಹುದು. ಇಲ್ಲವಾದರೆ ಆರ್‌ಸಿ ಸರಿ ಮಾಡಿಸಿ ಕೊಡುವ ಜವಾಬ್ದಾರಿ ಅವರದು. ಅದಾಗುವವರೆಗೆ ಅಡ್ವಾನ್ಸ್ ಕೂಡ ಕೊಡಬೇಡಿ.